ಒಂದು ತಾಸು ಮೊದಲೇ ಬರುವವರು

ನಾನು ಮತ್ತು ನನ್ನ ಗೆಳೆಯ ಇಬ್ಬರೂ ಕಲಬುರಗಿಯವರು. ಹತ್ತು ವರ್ಷದಿಂದ ಪುಣೆಯಲ್ಲಿ ಒಂದೇ ಕಚೇರಿ. ಈಚೆಗೆ ಕೆಲಸದ ಮೇಲೆ ಉತ್ತರದ ಒಂದು ನಗರಕ್ಕೆ ಹೋಗಿ ಮರಳುವಾಗ ವಿಮಾನ ನಿಲ್ದಾಣದ ತಪಾಸಣೆಗೆ ಒಂದೇ ಸಾಲಿನಲ್ಲಿ ನಿಂತಿದ್ದೆವು. ಕಂಪನಿ ಕೊಟ್ಟ ಒಂದೇ ನಮೂನೆಯ ಬ್ಯಾಗು, ಒಂದೇ ನಮೂನೆಯ ಲ್ಯಾಪ್‌ಟಾಪು. ಎರಡೂ ಎಕ್ಸ್‌ರೇ ಯಂತ್ರದಿಂದ ಸುಸೂತ್ರವಾಗಿ ಹೊರಬಂದವು. ನಾನು ಎರಡೇ ನಿಮಿಷದಲ್ಲಿ ಬೆಲ್ಟ್ ಕಟ್ಟಿಕೊಂಡೆ. ಅವನ ಬೋರ್ಡಿಂಗ್ ಪಾಸಿನ ಹೆಸರನ್ನೂ ಗಡ್ಡವನ್ನೂ ನೋಡಿ ಪಕ್ಕಕ್ಕೆ ಕರೆದರು. ಯಾಕೆ ಬಂದಿದ್ದಿರಿ, ಯಾರನ್ನು ಕಂಡಿರಿ ಎಂಬ ಪ್ರಶ್ನೆಗಳು. ಬ್ಯಾಗು ಪೂರ್ತಿ ಬರಿದಾಯಿತು. ಇಪ್ಪತ್ತೈದು ನಿಮಿಷ ಹುಡುಕಿ ಸಿಕ್ಕಿದ್ದು ಅರ್ಧ ಡಬ್ಬಿ ಶೇಂಗಾ ಹಿಂಡಿ.

ನನಗೆ ಸಿಟ್ಟು, ಅವನಿಗೆ ನಗು. "ಹೊಸಾದೇನಲ್ಲ ಬಿಡೋ. ಅದಕ್ಕ ನಾ ಯಾವಾಗ್ಲೂ ಒಂದ್ ತಾಸ್ ಮೊದ್ಲ ಬರೋದು" ಅಂದ. ಇಷ್ಟು ವರ್ಷ ಅವನನ್ನು ಗಡಿಬಿಡಿ ಮನುಷ್ಯ ಎಂದು ಚುಡಾಯಿಸುತ್ತಿದ್ದವನು ನಾನೇ. ಆ ಹೊತ್ತಿನಲ್ಲಿ ನಾನೂ ಒಂದು ಮಾತು ಕೇಳಲಿಲ್ಲ, ದೂರ ನಿಂತು ಮೊಬೈಲು ನೋಡುತ್ತಿದ್ದೆ.

ತಪಾಸಣೆಯೇ ಬೇಡ ಎನ್ನುವಷ್ಟು ಮುಗ್ಧ ನಾನಲ್ಲ. 1999ರಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನ ಕಂದಹಾರ ಸೇರಿದ್ದನ್ನು ಕಂಡ ತಲೆಮಾರು ನಮ್ಮದು. ಯಂತ್ರ ಕೂಗಿದರೆ ಮತ್ತೊಮ್ಮೆ ತಡಕಲಿ, ಬ್ಯಾಗಿನಲ್ಲಿ ಅನುಮಾನ ಕಂಡರೆ ಬಿಚ್ಚಲಿ. ಆದರೆ 'ಸುಮ್ಮನೆ ಆರಿಸಿದ್ದು' ಪ್ರತಿ ಸಲ ಒಂದೇ ಥರದ ಹೆಸರಿನ ಮೇಲೆ ಬಿದ್ದರೆ ಅದು ಸುಮ್ಮನೆ ಆರಿಸಿದ್ದಲ್ಲ. ಮುಖ ನೋಡಿ ಕಾವಲು ಕಾಯುವವರ ಕಣ್ಣಿಗೆ ಬೇರೆ ಮುಖದ ಕಳ್ಳ ಬೀಳುವುದೂ ಇಲ್ಲ.

2009ರಲ್ಲಿ ಅಮೆರಿಕದ ನೆವಾರ್ಕ್‌ನಲ್ಲಿ ಶಾರುಖ್ ಖಾನ್ ಅವರನ್ನು ತಡೆದಾಗ ಇಲ್ಲಿ ದೊಡ್ಡ ಗದ್ದಲವೇ ಆಯಿತು. ನಮ್ಮಲ್ಲಿಯೇ ನಡೆದದ್ದಕ್ಕೆ ಅಷ್ಟು ಗದ್ದಲವಿಲ್ಲ. 2016ರಲ್ಲಿ ದೆಹಲಿಯ ವಲಸೆ ತಪಾಸಣೆ ಕೌಂಟರಿನಲ್ಲಿ ಮಣಿಪುರದ ಯುವತಿಯೊಬ್ಬರು, ನೀವು ಭಾರತೀಯರಂತೆ ಕಾಣುವುದಿಲ್ಲ ಎಂಬ ಮಾತು ಕೇಳಬೇಕಾಯಿತು ಎಂದು ಬರೆದುಕೊಂಡರು. ಸಚಿವೆ ಸುಷ್ಮಾ ಸ್ವರಾಜ್ ವಿಷಾದ ಹೇಳಿದರು. 2020ರಲ್ಲಿ ಚೆನ್ನೈಯಲ್ಲಿ, ಹಿಂದಿ ಬಾರದು ಎಂದ ಸಂಸದೆ ಕನಿಮೋಳಿ ಅವರಿಗೆ ನೀವು ಭಾರತೀಯರೇ ಎಂಬ ಪ್ರಶ್ನೆ ಎದುರಾಯಿತು. ಸಿಐಎಸ್‌ಎಫ್ ತನಿಖೆಗೆ ಆದೇಶಿಸಿತು. ಊರು ಬಿಟ್ಟು ದುಡಿಯುವ ನಮಗೆ, ಹಿಂದಿ ತಡವರಿಸುವ ತಂದೆತಾಯಿಯನ್ನು ಕರೆಸಿಕೊಳ್ಳುವ ನಮಗೆ, ಇದು ಯಾರದೋ ಕತೆಯಲ್ಲ. ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರಿನ ಮೇಲೆ ಪ್ರಭುತ್ವ ಭೇದ ಮಾಡಬಾರದು ಎನ್ನುತ್ತದೆ. ವಿಮಾನ ನಿಲ್ದಾಣದ ಬಾಗಿಲಿಗೆ ಬಂದಾಗ ಅದು ನಿಲ್ಲುವುದಿಲ್ಲ.

ಸಾಲಿನಲ್ಲಿ ಜಗಳ ಆಡಬೇಡಿ, ವಿಮಾನ ತಪ್ಪಿದರೆ ನಷ್ಟ ನಿಮ್ಮದೇ. ಕಾರಣ ಏನೆಂದು ಮೆಲುದನಿಯಲ್ಲಿ ಕೇಳಿ. ಮಹಿಳೆಯರನ್ನು ಮರೆಯಲ್ಲಿ, ಮಹಿಳಾ ಸಿಬ್ಬಂದಿಯೇ ತಪಾಸಿಸಬೇಕು. ಸಮಯ, ಸಾಲಿನ ಸಂಖ್ಯೆ, ಎದೆಪಟ್ಟಿಯ ಹೆಸರು ಬರೆದುಕೊಂಡು ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರು ಕೊಡಿ. ಸರ್ಕಾರ ಮಾಡಬೇಕಾದದ್ದು ಇನ್ನೂ ಸರಳ: ಯಂತ್ರ ಬಿಟ್ಟ ಪ್ರಯಾಣಿಕನನ್ನು ಮತ್ತೆ ಪಕ್ಕಕ್ಕೆ ಕರೆದಾಗಲೆಲ್ಲ ಕಾರಣವನ್ನು ಒಂದು ಸಾಲು ದಾಖಲಿಸಲಿ, ಆ ಲೆಕ್ಕವನ್ನು ವರ್ಷಕ್ಕೊಮ್ಮೆ ಹೊರಗಿಡಲಿ.

ಮುಂದಿನ ತಿಂಗಳು ಮತ್ತೆ ಇಬ್ಬರೂ ಹೊರಡಬೇಕು. ಈ ಸಲ ನಾನೂ ಒಂದು ತಾಸು ಮೊದಲೇ ಹೋಗಿ ಅವನ ಜೊತೆಗೇ ನಿಲ್ಲುತ್ತೇನೆ.