ವೀರಗಲ್ಲಿನ ಮುಂದೆ ಒಂದು ಪಾಠ

ಕಳೆದ ಬೇಸಿಗೆಯ ರಜೆಗೆ, ಆರನೆಯ ತರಗತಿ ಮುಗಿಸಿದ ಮೊಮ್ಮಗನು ಊರಿಗೆ ಬಂದಿದ್ದನು. ಸಮಾಜ ವಿಜ್ಞಾನದಲ್ಲಿ ಅವನಿಗೆ ಒಳ್ಳೆಯ ಅಂಕಗಳು ಬಂದಿದ್ದವು. ಅರಸರ ಹೆಸರು, ಯುದ್ಧಗಳ ಇಸವಿ ಎಲ್ಲವನ್ನೂ ತಡೆಯಿಲ್ಲದೆ ಒಪ್ಪಿಸಿ, "ಇದರಷ್ಟು ಬ್ಯಾಸರದ ಪಾಠ ಬ್ಯಾರೆ ಇಲ್ಲಜ್ಜಾ" ಎಂದನು. ಮಠದ ಪಾಠಶಾಲೆಯಲ್ಲಿ ಬಾಯಿಪಾಠದಿಂದಲೇ ಬೆಳೆದ ನನಗೆ ಆ ಮಾತು ನಾಟಿತು. ಬಾಯಿಪಾಠವು ಕೆಟ್ಟದ್ದಲ್ಲ, ಆದರೆ ನಮ್ಮ ಗುರುಗಳು ಅರ್ಥ ಹೇಳದೆ ಬಿಟ್ಟವರಲ್ಲ.

ಮರುದಿನ ಅವನನ್ನು ಹಳ್ಳದ ದಂಡೆಗೆ ಕರೆದೊಯ್ದೆನು. ಅಲ್ಲಿ ಹಳೆಯ ವೀರಗಲ್ಲೊಂದು ಒರಗಿದೆ.

"ಇದು ಅರಿವಿ ಒಗಿಯೋ ಕಲ್ಲಲ್ಲೇನಜ್ಜಾ?"

ನಾನು ಏನನ್ನೂ ವಿವರಿಸಲಿಲ್ಲ. ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗು ಎಂದೆನು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಕಾಳಗದ ಬದಿಯಲ್ಲಿ ದನಗಳನ್ನು ಕಂಡು, "ದನಕ್ಕಾಗಿ ಯಾಕ ಸತ್ತ?" ಎಂದನು. ಅಂದಿನ ಊರಿಗೆ ದನವೇ ಸಂಪತ್ತು, ತುರುಗಳನ್ನು ಹೊಡೆದೊಯ್ದರೆ ಬೇಸಾಯವೇ ನಿಲ್ಲುವುದೆಂದು ತಿಳಿಸಿದೆನು. "ಅವನ ಮಕ್ಕಳನ್ನ ಯಾರು ನೋಡಿಕೊಂಡ್ರು?" ಎಂಬ ಪ್ರಶ್ನೆ ಬಂದಿತು. ಮಡಿದವನ ಮನೆಯವರಿಗೆ ಭೂಮಿ ಕೊಡುವ ರೂಢಿಯಿತ್ತು. ಅದನ್ನು ನೆತ್ತರುಗೊಡಗೆ ಎನ್ನುತ್ತಿದ್ದರು ಎಂದೆನು. ಕೊನೆಗೆ ವೀರನ ಹೆಸರು ಕೇಳಿದನು. ಅಕ್ಷರಗಳು ಸವೆದುಹೋಗಿದ್ದವು. ಹುಡುಗನು ಬಹಳ ಹೊತ್ತು ಸುಮ್ಮನಿದ್ದನು.

ಬೆಂಗಳೂರಿನ ಹೆಸರು ನಮಗೆ ಬಹು ಹಿಂದೆ ದೊರೆಯುವುದು ಬೇಗೂರಿನಲ್ಲಿರುವ, ಸುಮಾರು ಕ್ರಿ.ಶ. 890ರ, ಗಂಗರ ಕಾಲದ ವೀರಗಲ್ಲಿನಲ್ಲಿ. ಆ ಕಲ್ಲು ಉಳಿದುದರಿಂದ ಬೆಂಗಳೂರಿನ ಕಾಳಗವೊಂದು ನಮ್ಮ ನೆನಪಿನಲ್ಲಿ ಉಳಿಯಿತು. ನಮ್ಮೂರಿನ ವೀರನು ಅದೇ ಪ್ರಾಣವನ್ನು ಕೊಟ್ಟರೂ ಹೆಸರಿಲ್ಲದವನಾದನು.

ಆದುದರಿಂದ ತಾಯಿತಂದೆಗಳಲ್ಲಿಯೂ ಶಿಕ್ಷಕ ಬಂಧುಗಳಲ್ಲಿಯೂ ನನ್ನ ವಿನಂತಿ ಇಷ್ಟೆ. ಪುಸ್ತಕ ತೆರೆಯುವ ಮೊದಲು ಮಕ್ಕಳನ್ನು ಒಂದು ಗಳಿಗೆ ಊರೊಳಗೆ ನಡೆಸಿರಿ. ಕಂಡುದನ್ನು ಮೊದಲು ಅವರೇ ಹೇಳಲಿ. ಬಳಿಕ ಹಿರಿಯರೊಬ್ಬರನ್ನು ಕೇಳಲಿ. ಕೊನೆಗೆ ಚಿತ್ರ ಬರೆದು ನಾಲ್ಕು ಸಾಲು ಬರೆಯಲಿ. ಕಲ್ಲಿಗೆ ಎಣ್ಣೆ, ಸುಣ್ಣ ಬಳಿಯಲು ಮಾತ್ರ ಬಿಡಬೇಡಿರಿ. ವೀರಗಲ್ಲಿಲ್ಲದ ಊರಿನಲ್ಲಿ ಕೆರೆಯ ತೂಬು, ಸಂತೆಯ ಕಟ್ಟೆ, ಹಳೆಯ ಬಾವಿಗಳಾದರೂ ಇದ್ದೇ ಇರುತ್ತವೆ. ತನ್ನೂರಿನ ಒಂದು ಸಂಗತಿ ಮನಸ್ಸಿಗೆ ಹತ್ತಿದ ಮಗುವಿಗೆ ಪುಸ್ತಕದ ಇಸವಿಗಳೂ ಭಾರವೆನಿಸಲಾರವು.

ರಜೆ ಮುಗಿಯುವ ಮೊದಲು ಮೊಮ್ಮಗನು ಹಳ್ಳಕ್ಕೆ ಬರುವ ತಾಯಂದಿರಿಗೆಲ್ಲ ಆ ಕಲ್ಲಿನ ಕಥೆ ಹೇಳಿದನು. ಈಗ ಅದರ ಮೇಲೆ ಯಾರೂ ಬಟ್ಟೆ ಒಗೆಯುವುದಿಲ್ಲ.