ಫೈಬರ್ ದೋಣಿಗೂ ಬೊಕ್ಕೆ ಬರುತ್ತದೆ

ಐ.ಟಿ.ಐ. ಮುಗಿಸಿದ ಮಗನಿಗೆ ಕರಾವಳಿಯ ಒಂದು ಶೆಡ್ಡಿನಲ್ಲಿ ಕೆಲಸ ಸಿಗುವ ಸೂಚನೆ ಇದೆಯಂತೆ. ಹಳೆಯ ಫೈಬರ್ ದೋಣಿಗಳನ್ನು ರಿಪೇರಿ ಮಾಡುವ ಕೆಲಸ. ಮೀನುಗಾರರ ದೋಣಿಗಳ ಜೊತೆ ಒಂದೆರಡು ಹಾಯಿದೋಣಿಗಳೂ ಅಲ್ಲಿಗೆ ಬರುತ್ತವೆಯಂತೆ. “ಕಳುಹಿಸಬಹುದೇ? ಆ ವಾಸನೆ ಆರೋಗ್ಯಕ್ಕೆ ಕೆಟ್ಟದಲ್ಲವೇ? ಕಲಿಯಲು ಅದರಲ್ಲಿ ಏನಿದೆ?” ಎಂದು ನಮ್ಮೂರಿನ ಹತ್ತಿರದ ಹೆತ್ತವರೊಬ್ಬರು ಕೇಳಿದ್ದಾರೆ. ಕಲಿಯಲು ಏನಿದೆ ಎಂಬುದನ್ನು ಮೊದಲು ನೋಡೋಣ. ಅದು ತಿಳಿಯದೆ ಉಳಿದೆರಡಕ್ಕೆ ಉತ್ತರ ಹೇಳುವಂತಿಲ್ಲ.

ಬೆಳ್ಳಾರೆಯಿಂದ ಮಂಗಳೂರಿನ ಬಂದರಿಗೆ ಬಸ್ಸಿನಲ್ಲಿ ಎರಡು ಗಂಟೆಗೂ ಮಿಕ್ಕ ದಾರಿ. ಆದರೂ ಫೈಬರ್‌ಗ್ಲಾಸ್ ನಮಗೆ ಹೊಸತಲ್ಲ. ಬಸ್ಸಿನ ಮುಂಭಾಗ, ಹೆಲ್ಮೆಟ್ಟು, ಬೆಳಕು ಬೀಳಲೆಂದು ಮಾಡಿಗೆ ಹಾಕುವ ಶೀಟು, ಎಲ್ಲವೂ ಅದೇ ಜಾತಿ. ಅಡಿಕೆ ಕೊಯ್ಲಿಗೂ ಮದ್ದು ಬಿಡುವುದಕ್ಕೂ ಈಗ ತೋಟಗಳಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಅದರ ದಾಯಾದಿ. ಎಳೆ ಬೇರೆ, ಉಪಾಯ ಒಂದೇ.

ಉಪಾಯ ಹಳೆಯದು. ಮಣ್ಣಿನ ಗೋಡೆಗೆ ಬೈಹುಲ್ಲು ಬೆರೆಸಿ ತುಳಿಯುತ್ತಿದ್ದ ಹಿರಿಯರಿಗೆ ಅದು ಗೊತ್ತಿತ್ತು. ಮಣ್ಣು ಭಾರ ಹೊರುತ್ತದೆ, ಹುಲ್ಲು ಬಿರುಕನ್ನು ತಡೆಯುತ್ತದೆ. ಫೈಬರ್‌ಗ್ಲಾಸಿನಲ್ಲಿ ಹುಲ್ಲಿನ ಜಾಗದಲ್ಲಿ ಗಾಜಿನ ಎಳೆ, ಮಣ್ಣಿನ ಜಾಗದಲ್ಲಿ ಪಾಲಿಯೆಸ್ಟರ್ ರಾಳ. ಬಡಿದರೆ ಒಡೆಯುವ ಗಾಜು ದೋಣಿಗೆ ಹೇಗೆ ಬಲ ಕೊಡುತ್ತದೆ ಎಂದು ಮಕ್ಕಳು ಕೇಳಬೇಕು. 1920ರ ಸುಮಾರಿಗೆ ಗ್ರಿಫಿತ್ ಎಂಬ ಬ್ರಿಟಿಷ್ ಎಂಜಿನಿಯರ್ ಇದನ್ನೇ ಕೇಳಿಕೊಂಡ. ಗಾಜು ಒಡೆಯುವುದು ಅದರ ಮೇಲ್ಮೈಯಲ್ಲಿರುವ ಕಣ್ಣಿಗೆ ಕಾಣದ ಬಿರುಕುಗಳಿಂದ. ಎಳೆ ತೆಳ್ಳಗಾದಷ್ಟೂ ದೊಡ್ಡ ಬಿರುಕಿಗೆ ಅದರಲ್ಲಿ ಜಾಗವಿರುವುದಿಲ್ಲ ಎಂದು ಅವನು ಕಂಡುಕೊಂಡ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾಗಿ ಎಳೆದ ಗಾಜು, ಗಾಜೆಂದು ನಂಬಲಾಗದಷ್ಟು ಗಟ್ಟಿ.

ರಾಳದ ಕಥೆ ರಸಾಯನಶಾಸ್ತ್ರದ ಪಾಠ. ಡಬ್ಬದಲ್ಲಿರುವಾಗ ಅದು ಜೇನಿನಂತೆ ದ್ರವ. ಪಾಲಿಯೆಸ್ಟರಿನ ಅಣುಗಳು ಸ್ಟೈರೀನ್ ಎಂಬ ದ್ರವದಲ್ಲಿ ಕರಗಿರುತ್ತವೆ. ಎಂ.ಇ.ಕೆ.ಪಿ. ಎಂಬ ಪೆರಾಕ್ಸೈಡನ್ನು ಒಂದು ಕಿಲೋ ರಾಳಕ್ಕೆ 10ರಿಂದ 20 ಗ್ರಾಮಿನಷ್ಟು ಬೆರೆಸಿದರೆ ಸ್ಟೈರೀನ್ ಅಣುಗಳು ಪಾಲಿಯೆಸ್ಟರ್ ಸರಪಣಿಗಳ ನಡುವೆ ಸೇತುವೆ ಕಟ್ಟುತ್ತವೆ. ಶಾಖ ಹೊರಬರುತ್ತದೆ, ಇಡೀ ರಾಶಿ ಒಂದೇ ಬಲೆಯಾಗಿ ಗಟ್ಟಿಯಾಗುತ್ತದೆ. ಬೆಲ್ಲದ ಪಾಕ ಆರಿ ಗಟ್ಟಿಯಾದರೂ ಮತ್ತೆ ಬಿಸಿಮಾಡಿದರೆ ಕರಗುತ್ತದೆ. ನೀರುದೋಸೆ ಒಮ್ಮೆ ಬೆಂದರೆ ಪುನಃ ಹಿಟ್ಟಾಗುವುದಿಲ್ಲ. ಈ ರಾಳ ನೀರುದೋಸೆಯ ಜಾತಿ. ಪಠ್ಯದಲ್ಲಿ ಇದನ್ನೇ ಥರ್ಮೋಸೆಟ್ಟಿಂಗ್ ಪ್ಲಾಸ್ಟಿಕ್ ಎನ್ನುತ್ತಾರೆ.

ಇಂಥ ದೋಣಿ ಎಷ್ಟು ಕಾಲ ಬಾಳುತ್ತದೆ? 1960ರ ದಶಕದಲ್ಲಿ ಎರಕವಾದ ಹಾಯಿದೋಣಿಗಳು ಇಂದಿಗೂ ನೀರಿನಲ್ಲಿವೆ. ಹಾಯಿ ಕಟ್ಟಿ ಒಂಟಿಯಾಗಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ದೋಣಿಯ ವಿನ್ಯಾಸ 1988ಕ್ಕಿಂತ ಹಿಂದಿನದಾಗಿರಬೇಕು ಎಂಬುದೇ ನಿಯಮ. ಅದರ 2022ರ ಓಟದಲ್ಲಿ ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ ‘ಬಯಾನತ್’ ಎಂಬ 36 ಅಡಿಯ ಫೈಬರ್‌ಗ್ಲಾಸ್ ದೋಣಿಯಲ್ಲಿ ಹೊರಟರು. ಹೊರಡುವ ಮೊದಲೇ, ಆಗಸ್ಟ್ ತಿಂಗಳಿನಲ್ಲಿ, ಅದು ಹಡಗೊಂದಕ್ಕೆ ತಾಗಿ ಮೂತಿ ಜಖಂ ಮಾಡಿಕೊಂಡಿತ್ತು. ಸೆಪ್ಟೆಂಬರ್ 4ರ ಒಳಗೆ ಅದನ್ನು ಸರಿಪಡಿಸಿ, ದಾರಿಯುದ್ದಕ್ಕೂ ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳುತ್ತಲೇ 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಫ್ರಾನ್ಸಿನ ದಡ ಮುಟ್ಟಿದರು. ಒಟ್ಟು 236 ದಿನ. ಅವರಿಗಿಂತ ಮೊದಲು ಬಂದವರು ದಕ್ಷಿಣ ಆಫ್ರಿಕದ ಕರ್ಸ್ಟನ್ ನಾಯ್ಶೇಫರ್ ಎಂಬ ಮಹಿಳೆ. ಹೆಣ್ಣುಮಕ್ಕಳ ಹೆತ್ತವರು ಇದನ್ನು ಇನ್ನೊಮ್ಮೆ ಓದಬೇಕು.

ನಮ್ಮ ರಾಜ್ಯದಲ್ಲಿ ಹಾಯಿದೋಣಿ ನೋಡಬೇಕೆಂದರೆ ಕಡಲಿಗೇ ಹೋಗಬೇಕಾಗಿಲ್ಲ. ಬೆಂಗಳೂರಿನ ಹಲಸೂರು ಕೆರೆ ಇದೆ. ಅಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹಾಯಿ ನಡೆಸುತ್ತಾರೆ. ಅವರ ಸೈಲಿಂಗ್ ಕ್ಲಬ್ಬಿನ ಹೆಸರು ‘ತೃಷ್ಣಾ’. ಭೂಮಿಗೆ ಸುತ್ತು ಬಂದ ಮೊದಲ ಭಾರತೀಯ ಹಾಯಿದೋಣಿಯ ಹೆಸರೂ ಅದೇ. ಸೈನ್ಯದ ಎಂಜಿನಿಯರುಗಳ ತಂಡ 1985ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಿಂದ ಅದರಲ್ಲಿ ಹೊರಟು 1987ರ ಜನವರಿಯಲ್ಲಿ ಮುಂಬಯಿ ತಲಪಿತು.

ಇನ್ನು ಕಾಯಿಲೆಗೆ ಬರೋಣ. ಮರದ ದೋಣಿಗೆ ಹುಳದ ಕಾಟ. ಅದಕ್ಕೆಂದೇ ಗೇರುಸಿಪ್ಪೆಯ ಎಣ್ಣೆ, ಮೀನೆಣ್ಣೆ ಬಳಿಯುವ ಪದ್ಧತಿ. ಫೈಬರಿಗೆ ಹುಳ ಹತ್ತುವುದಿಲ್ಲ, ಆದ್ದರಿಂದ ಇದಕ್ಕೆ ಆರೈಕೆಯೇ ಬೇಡ ಎಂಬ ನಂಬಿಕೆ ಬೆಳೆದುಬಿಟ್ಟಿದೆ. ಅದು ತಪ್ಪು. ದೋಣಿಯ ಹೊರಮೈಗೆ ಅರ್ಧ ಮಿಲಿಮೀಟರಿನಷ್ಟು ದಪ್ಪದ ಜೆಲ್‌ಕೋಟ್ ಎಂಬ ಪದರ ಇರುತ್ತದೆ. ಹೊಳಪು, ಬಣ್ಣ ಎಲ್ಲ ಅದರದ್ದು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಅದು ಸೀಮೆಸುಣ್ಣದಂತೆ ಪುಡಿ ಬಿಡುತ್ತದೆ. ಪ್ರತಿವರ್ಷ ತಿಕ್ಕಿ ಪಾಲಿಶ್ ಮಾಡುತ್ತ ಹೋದರೆ ಪದರವೇ ಸವೆದುಹೋಗುತ್ತದೆ. ಒಳ್ಳೆಯ ಮದ್ದು ನೆರಳು. ದೋಣಿಗೆ ಒಂದು ಮಾಡು, ಇಲ್ಲವಾದರೆ ಒಂದು ಟರ್ಪಾಲು.

ದೊಡ್ಡ ಕಾಯಿಲೆ ಬೊಕ್ಕೆ. ಹತ್ತಾರು ವರ್ಷ ನೀರಿನಲ್ಲೇ ನಿಂತ ದೋಣಿಯನ್ನು ಮೇಲೆತ್ತಿದಾಗ ಅಡಿಭಾಗದಲ್ಲಿ ಕಾಸಿನಗಲದ ಗುಳ್ಳೆಗಳು ಕಾಣಿಸುತ್ತವೆ. ಚುಚ್ಚಿದರೆ ಒಳಗಿಂದ ವಿನೆಗರಿನ ವಾಸನೆಯ ಹುಳಿ ದ್ರವ ಚಿಮ್ಮುತ್ತದೆ. ಇದು ಶಾಲೆಯಲ್ಲಿ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ ಮಾಡುವ ಅದೇ ಅಭಿಸರಣೆಯ ಪ್ರಯೋಗ! ನೀರಿನ ಅಣುಗಳು ಚಿಕ್ಕವು, ಜೆಲ್‌ಕೋಟನ್ನು ಮೆಲ್ಲನೆ ದಾಟುತ್ತವೆ. ಒಳಗೆ ಗಟ್ಟಿಯಾಗದೆ ಉಳಿದ ರಾಸಾಯನಿಕಗಳನ್ನು ಕರಗಿಸುತ್ತವೆ, ಪಾಲಿಯೆಸ್ಟರಿನ ಎಸ್ಟರ್ ಬಂಧಗಳನ್ನೂ ಒಂದೊಂದಾಗಿ ಮುರಿಯುತ್ತವೆ. ಮುರಿದಾಗ ಹುಟ್ಟುವುದು ಆಮ್ಲ, ಹುಳಿವಾಸನೆ ಅದರದ್ದು. ಕರಗಿದ ದೊಡ್ಡ ಅಣುಗಳು ಹೊರಗೆ ಬರಲಾರವು, ನೀರು ಮಾತ್ರ ಒಳಗೆ ಬರುತ್ತಲೇ ಇರುತ್ತದೆ. ಒತ್ತಡ ಏರಿ ಪದರ ಉಬ್ಬುತ್ತದೆ.

ಇಲ್ಲೊಂದು ಪ್ರಶ್ನೆ. ಬೊಕ್ಕೆ ಹೆಚ್ಚು ಬರುವುದು ಉಪ್ಪುನೀರಿನಲ್ಲೋ ಸಿಹಿನೀರಿನಲ್ಲೋ? ಉಪ್ಪುನೀರಿನಲ್ಲಿ ಎಂದೇ ಬಹಳ ಮಂದಿ ಹೇಳುತ್ತಾರೆ. ಒಣದ್ರಾಕ್ಷಿಯನ್ನು ಉಪ್ಪುನೀರಿನಲ್ಲಿ ಹಾಕಿ ನೋಡಿ, ಉತ್ತರ ಸಿಗುತ್ತದೆ. ಹೊರಗೂ ಒಳಗೂ ಸಾರತೆಯ ವ್ಯತ್ಯಾಸ ಹೆಚ್ಚಿದಷ್ಟೂ ಅಭಿಸರಣೆ ಜೋರು. ಸಿಹಿನೀರು, ಅದರಲ್ಲೂ ಬೆಚ್ಚಗಿನ ಸಿಹಿನೀರು ಹೆಚ್ಚು ಅಪಾಯ. ಕೆರೆಯಲ್ಲಿ ಆಡುವ ಚಿಕ್ಕ ದೋಣಿಗಳು ಇದರಿಂದ ಪಾರಾಗುವುದು ಆಟ ಮುಗಿದೊಡನೆ ದಡಕ್ಕೆ ಬಂದು ಒಣಗುವುದರಿಂದ.

ಸಿಹಿನೀರು ಮೇಲಿನಿಂದಲೂ ಕೆಡಿಸುತ್ತದೆ. ಹಾಯಿದೋಣಿಯ ಅಟ್ಟ ಹಗುರವಾಗಿರಲೆಂದು ಎರಡು ಫೈಬರ್ ಹಾಳೆಗಳ ನಡುವೆ ಬಾಲ್ಸಾ ಮರವನ್ನೋ ಪ್ಲೈವುಡ್ಡನ್ನೋ ಇಟ್ಟಿರುತ್ತಾರೆ. ಸ್ಕ್ರೂ ಹಾಕಿದ ತೂತಿನಿಂದ ಮಳೆನೀರು ಇಳಿದು ಆ ಮರ ಕೊಳೆಯುತ್ತದೆ. ಉಪ್ಪು ಶಿಲೀಂಧ್ರವನ್ನು ತಡೆಯುತ್ತದೆ, ಮಳೆನೀರಿನಲ್ಲಿ ಆ ತಡೆ ಇಲ್ಲ. ನಮ್ಮ ಆಟಿಯ ಮಳೆ ಯಾವ ತೂತನ್ನೂ ಬಿಡುವುದಿಲ್ಲವೆಂಬುದು ಗೊತ್ತೇ ಇದೆ. ಪತ್ತೆಹಚ್ಚುವುದು ಹೇಗೆ? ಚಿಕ್ಕ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಇದ್ದರೆ ‘ಟಣ್’, ಕೊಳೆತಿದ್ದರೆ ‘ದಬ್’. ಹಲಸಿನಹಣ್ಣು ತಟ್ಟಿ ನೋಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೊಳೆತ ಜಾಗದ ಮೇಲ್ಪದರ ಕತ್ತರಿಸಿ ತೆಗೆದು, ಒದ್ದೆ ಮರ ಕಿತ್ತು, ಒಣಗಿಸಿ, ಹೊಸ ಮರ ಕೂರಿಸಿ ಪುನಃ ಮುಚ್ಚಬೇಕು. ಮುಂದೆ ಸ್ಕ್ರೂ ಹಾಕುವಾಗ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರೊಳಗೆ ಸ್ಕ್ರೂವಿನ ತೂತು ಕೊರೆಯುವುದು ಜಾಣತನ. ಆಗ ನೀರು ಇಳಿದರೂ ಮರಕ್ಕೆ ಮುಟ್ಟುವುದಿಲ್ಲ.

ಒಡೆದ ಮೈಯನ್ನು ಜೋಡಿಸುವುದರಲ್ಲಿ ಕೆಲಸಗಾರನ ಪರೀಕ್ಷೆ. ಹೊರಗಿನಿಂದ ಒಂದು ತೇಪೆ ಅಂಟಿಸಿ ಬಣ್ಣ ಹೊಡೆದರೆ ನೋಡಲು ಚೆನ್ನ. ಮೊದಲ ದೊಡ್ಡ ತೆರೆಗೆ ತೇಪೆ ಸುಲಿದು ಬರುತ್ತದೆ. ಕಾರಣ ಇಷ್ಟೆ: ಹಳೆಯ ಪಾಲಿಯೆಸ್ಟರಿನಲ್ಲಿ ಸೇತುವೆ ಕಟ್ಟಬಲ್ಲ ಕೊಂಡಿಗಳು ಹೆಚ್ಚು ಉಳಿದಿರುವುದಿಲ್ಲ. ಹೊಸ ರಾಳ ಅದರೊಡನೆ ಒಂದಾಗದೆ ಬರೀ ಅಂಟಿಕೊಂಡಿರುತ್ತದೆ. ಅಂಟಿಗೆ ಜಾಗ ಹೆಚ್ಚು ಬೇಕು. ಆದ್ದರಿಂದ ಒಡಕಿನ ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ತಿಕ್ಕುತ್ತಾರೆ. ಮೈ 5 ಮಿಲಿಮೀಟರ್ ದಪ್ಪವಿದ್ದರೆ ಸುತ್ತಲೂ 60 ಮಿಲಿಮೀಟರ್ ಇಳಿಜಾರು. ಅಂಗೈಯಗಲದ ತೂತಿಗೆ ಊಟದ ತಟ್ಟೆಯಷ್ಟು ಗಾಯ ಮಾಡಬೇಕಾಗುತ್ತದೆ! ನೋಡಿದವರಿಗೆ ಹಾಳುಮಾಡುತ್ತಿದ್ದಾನೆ ಎಂದೇ ಅನಿಸುತ್ತದೆ. ಇಂಥಲ್ಲಿ ಪಾಲಿಯೆಸ್ಟರಿಗಿಂತ ಎಪಾಕ್ಸಿ ಹೆಚ್ಚು ಬಲವಾಗಿ ಅಂಟುತ್ತದೆ. ಬೆಲೆ ಹೆಚ್ಚು, ಆದರೆ ನಡುಗಡಲಿನಲ್ಲಿ ತೇಪೆ ಬಿಟ್ಟರೆ ತೆರುವ ಬೆಲೆಗೆ ಹೋಲಿಸುವಂತಿಲ್ಲ.

ಮೈ ಗಟ್ಟಿ ಇದ್ದ ಮಾತ್ರಕ್ಕೆ ಹಾಯಿದೋಣಿ ಗಟ್ಟಿ ಎನ್ನುವಂತಿಲ್ಲ. ಹಾಯಿಕಂಬವನ್ನು ಎಳೆದು ಹಿಡಿದ ತಂತಿಗಳು ಸ್ಟೀಲ್ ಪಟ್ಟಿಗಳ ಮೂಲಕ ಮೈಗೆ ಬಿಗಿದಿರುತ್ತವೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರುವುದು ಗಾಳಿಯ ಆಕ್ಸಿಜನ್ ಅದರ ಮೇಲೆ ತೆಳು ಕವಚ ಕಟ್ಟುವುದರಿಂದ. ಅಟ್ಟದೊಳಗೆ ಹೂತು ಗಾಳಿ ತಾಗದ ಕಡೆ, ಉಪ್ಪುನೀರು ನಿಂತಲ್ಲಿ, ಕವಚ ಕರಗಿ ಪಟ್ಟಿ ಒಳಗಿಂದೊಳಗೇ ತಿಂದುಹೋಗುತ್ತದೆ. ಹೊರಗೆ ಮಾತ್ರ ಫಳಫಳ. ಹಳೆಯ ದೋಣಿ ಕೊಳ್ಳುವವರು ಈ ಪಟ್ಟಿಗಳನ್ನು ಬಿಚ್ಚಿಸಿ ನೋಡದೆ ಹಣ ಕೊಡಬಾರದು.

ಈಗ ವಾಸನೆಯ ಪ್ರಶ್ನೆ. ಅದು ಸ್ಟೈರೀನ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು. ಮೂಗಿಗೆ ಕಟ್ಟುವ ಬೈರಾಸು ಅದನ್ನು ತಡೆಯುವುದಿಲ್ಲ, ಧೂಳಿನ ಮಾಸ್ಕೂ ತಡೆಯುವುದಿಲ್ಲ. ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿ ಇರುವ ಮಾಸ್ಕೇ ಬೇಕು, ಡಬ್ಬಿಯನ್ನು ಆಗಾಗ ಬದಲಿಸಬೇಕು. ತಿಕ್ಕುವಾಗ ಹಾರುವ ಗಾಜಿನ ಪುಡಿಯ ತುರಿಕೆ ನಸುಗುನ್ನಿಕಾಯಿಗೆ ಕಡಿಮೆಯಲ್ಲ. ಎಂ.ಇ.ಕೆ.ಪಿ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ತಕ್ಷಣ ಕಾಲು ಗಂಟೆ ನೀರಿನಲ್ಲಿ ತೊಳೆಯುತ್ತಲೇ ಇದ್ದು ವೈದ್ಯರಲ್ಲಿಗೆ ಓಡಬೇಕು. ಇನ್ನು ರಾಳಕ್ಕೆ ಸೇರಿಸುವ ಕೋಬಾಲ್ಟಿನ ನೇರಳೆ ದ್ರವವನ್ನು ಎಂ.ಇ.ಕೆ.ಪಿ.ಯೊಡನೆ ನೇರವಾಗಿ ಬೆರೆಸಿದರೆ ಸ್ಫೋಟವಾಗುತ್ತದೆ. ಮಕ್ಕಳು ಇದನ್ನು ಮನೆಯಲ್ಲಿ ಮಾಡಿ ನೋಡುವ ಯೋಚನೆಯನ್ನೇ ಮಾಡಬಾರದು.

ಹಾಗಾದರೆ ಕಳುಹಿಸಬಹುದೇ? ಹೆತ್ತವರು ಒಮ್ಮೆ ಹೋಗಿ ಶೆಡ್ಡನ್ನು ಕಣ್ಣಾರೆ ನೋಡಬೇಕು. ಗೋಡೆ ತೆರೆದು ಗಾಳಿ ಓಡಾಡುತ್ತಿದೆಯೇ, ಕೆಲಸದವರ ಮುಖದಲ್ಲಿ ಮಾಸ್ಕಿದೆಯೇ ಅಥವಾ ಮೊಳೆಗೆ ತೂಗುತ್ತಿದೆಯೇ, ಕಣ್ಣಿಗೆ ಕನ್ನಡಕವಿದೆಯೇ, ಗಟ್ಟಿಕಾರಕವನ್ನು ತೂಗಿ ಹಾಕುತ್ತಾರೋ ಅಂದಾಜಿಗೆ ಸುರಿಯುತ್ತಾರೋ. ಅಂದಾಜಿಗೆ ಸುರಿಯುವಲ್ಲಿಗೆ ಮಗನನ್ನು ಕಳುಹಿಸಬೇಡಿ. ತೂಗುವಲ್ಲಿಗೆ ಧೈರ್ಯವಾಗಿ ಕಳುಹಿಸಿ. ಫೈಬರ್ ಕೆಲಸ ಬಲ್ಲವನು ದೋಣಿಗೇ ಅಂಟಿಕೊಳ್ಳಬೇಕಾಗಿಲ್ಲ, ಬಸ್ಸಿನ ಬಾಡಿಯಿಂದ ಗಾಳಿಯಂತ್ರದ ರೆಕ್ಕೆಯ ವರೆಗೆ ಇದೇ ವಿದ್ಯೆ. ಮುರಿದ ಹಳೆಯ ದೋಣಿಯನ್ನು ಕರಗಿಸಿ ಹೊಸತು ಮಾಡಲು ಬರುವುದಿಲ್ಲವಾದ್ದರಿಂದ ರಿಪೇರಿಯವನಿಗೆ ಬೆಲೆ ಇದ್ದೇ ಇದೆ. ಫ್ರಾನ್ಸಿನಲ್ಲಿ ಬಿಸಾಡಿದ ದೋಣಿಗಳನ್ನು ಕಳಚಿ ವಿಲೇವಾರಿ ಮಾಡಲು 2019ರಿಂದ ಒಂದು ಪ್ರತ್ಯೇಕ ವ್ಯವಸ್ಥೆಯನ್ನೇ ಮಾಡಿದ್ದಾರೆ. ನಮ್ಮ ಅಳಿವೆಬಾಗಿಲುಗಳಲ್ಲಿ ಅವು ದಂಡೆಯ ಮೇಲೆ ಬಿದ್ದಿರುತ್ತವೆ.

ರಿಪೇರಿಗೆ ನಮ್ಮ ಕರಾವಳಿಯಲ್ಲಿ ಒಂದು ವಿಚಿತ್ರ ತೊಡಕಿದೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನಗಳ ನಿಷೇಧ. ದೋಣಿಗಳಿಗೆ ಬಿಡುವು ಆಗಲೇ, ಮಳೆಯೂ ಆಗಲೇ. ಒದ್ದೆ ಮೈಗೆ ರಾಳ ಹಿಡಿಯುವುದಿಲ್ಲ. ಅಂಗಳದಲ್ಲಿ ಅಡಿಕೆ ಒಣಗಲು ನಲ್ವತ್ತು ನಲ್ವತ್ತೈದು ಬಿಸಿಲು ಬೇಕೆಂದು ನಮಗೆ ಗೊತ್ತು. ಬೊಕ್ಕೆ ಬಂದ ದೋಣಿಯ ಮೈ ಒಣಗಲು ಕೆಲವು ತಿಂಗಳುಗಳೇ ಬೇಕಾಗಬಹುದು. ತೀರ್ಥಯಾತ್ರೆಗೋ ಸ್ಪರ್ಧೆಗೋ ಹೊರಡುವ ಅವಸರವಿಲ್ಲದ ಹಾಯಿದೋಣಿಯ ಯಜಮಾನ ದೀಪಾವಳಿ ಕಳೆಯುವ ತನಕ ಕಾಯುವುದು ಮೇಲು.

ಒಣಗಿತೋ ಇಲ್ಲವೋ ತಿಳಿಯಲು ಮೀಟರುಗಳಿವೆ. ಮೀಟರಿಲ್ಲದವರದ್ದು ಒಂದು ಸರಳ ಪರೀಕ್ಷೆ. ಒಂದು ಅಡಿ ಚೌಕದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಮೈಗೆ ಹಾಸಿ ನಾಲ್ಕೂ ಅಂಚನ್ನು ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ ಒಂದೆರಡು ದಿನ ಬಿಡುತ್ತಾರೆ. ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಬಂದು ಹಾಳೆಯ ಒಳಬದಿಯಲ್ಲಿ ಹನಿಗಟ್ಟುತ್ತದೆ. ದೋಣಿ ಇಲ್ಲದ ನಾವು ಇದನ್ನು ಮಳೆಗಾಲ ಮುಗಿದ ಮೇಲೆ ಮನೆಯ ಹೊರಗೋಡೆಯಲ್ಲಿ ಮಾಡಿ ನೋಡಬಹುದು. ಬಿಸಿಲು ಬೀಳುವ ಗೋಡೆಯನ್ನೇ ಆರಿಸಿ. ಹನಿ ಕಂಡರೆ ಪೈಂಟಿನವರಿಗೆ ಇನ್ನೊಂದು ತಿಂಗಳು ಬಿಟ್ಟು ಬರಲು ಹೇಳಿ.