ಪೆಟ್ಟಿಗೆ ಹೂತ ಮಾತ್ರಕ್ಕೆ ಹಳ್ಳ ಶುದ್ಧವಾದೀತೆ?

ಮಲೆನಾಡಿನ ಗುಡ್ಡಗಳ ನೆತ್ತಿಯ ಮೇಲೆ ರೆಸಾರ್ಟು ಏಳುವಾಗ ಅದರ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಗ್ರಾಮಸಭೆಯಲ್ಲಿ ಯಾರಾದರೂ ಕೇಳಿದರೆ, "ಎಸ್‌ಟಿಪಿ ಹಾಕಿಸುತ್ತೇವೆ" ಎಂಬ ಎರಡು ಪದಗಳಲ್ಲಿ ಚರ್ಚೆ ಮುಗಿದುಹೋಗುತ್ತದೆ. ಕಾರ್ಖಾನೆಯಲ್ಲಿಯೇ ತಯಾರಾಗಿ, ಲಾರಿಯಲ್ಲಿ ಘಾಟಿ ಹತ್ತಿ ಬಂದು, ಕ್ರೇನಿನಿಂದ ಗುಂಡಿಗೆ ಇಳಿಯುವ ಫೈಬರಿನ ಅಥವಾ ಉಕ್ಕಿನ ಪೆಟ್ಟಿಗೆಯೇ ಆ ಉತ್ತರ. ಪೆಟ್ಟಿಗೆ ಬಂದರೆ ಕಡತಕ್ಕೆ ಸಹಿ ಬೀಳುತ್ತದೆ. ಆ ಮೇಲೆ ಅದು ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂಬುದು ಕೆಳಗಿನ ಹಳ್ಳದ ಮೀನುಗಳಿಗೆ ಮಾತ್ರ ಗೊತ್ತು.

ಪೆಟ್ಟಿಗೆಯೊಳಗೆ ಇರುವುದಾದರೂ ಏನು? ಮಾರಾಟಗಾರರ ಕರಪತ್ರಗಳಲ್ಲಿ ಹೇಳುವಂತೆ ಅದೊಂದು ಯಂತ್ರವಲ್ಲ. ಜೀವಿಗಳನ್ನು ಸಾಕುವ ಕೊಟ್ಟಿಗೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡೆನ್ ಮತ್ತು ಲಾಕೆಟ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಪ್ರಕಟಿಸಿದ ಕ್ರಮವೇ ಇಂತಹ ಬಹುಪಾಲು ಪೆಟ್ಟಿಗೆಗಳಿಗೆ ಇಂದಿಗೂ ಮೂಲ. ಕೊಳಚೆಗೆ ಬ್ಲೋವರಿನ ಮೂಲಕ ಗಾಳಿ ಊದುತ್ತ ಹೋದರೆ ಆಮ್ಲಜನಕ ಉಸಿರಾಡುವ ಸೂಕ್ಷ್ಮಜೀವಿಗಳು ಅಲ್ಲಿ ಬೆಳೆದು ಹೊಲಸನ್ನು ತಿನ್ನುತ್ತವೆ. ಮುಂದಿನ ಕೋಣೆಯಲ್ಲಿ ಅವು ಗರಣೆಗಟ್ಟಿ ತಳಕ್ಕಿಳಿಯುತ್ತವೆ. ಮೇಲೆ ತಿಳಿಯಾದ ನೀರಿಗೆ ಕ್ಲೋರಿನ್ ಬೆರೆಸಿ ಹೊರಗೆ ಬಿಡಲಾಗುತ್ತದೆ. ಈ ಜೀವಿಗಳ ಹಿಂಡು ಪೂರ್ಣವಾಗಿ ಬೆಳೆಯಲು ವಾರಗಳೇ ಬೇಕು. ಕೆಡಲು ಅಷ್ಟು ಹೊತ್ತು ಬೇಡ.

ಮಲೆನಾಡು ಇದಕ್ಕೆ ಒಡ್ಡುವ ಕಷ್ಟಗಳನ್ನು ಎಣಿಸಬೇಕು. ಆಷಾಢದ ಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಬರಲು ದಿನಗಳೇ ಹಿಡಿಯುತ್ತವೆಂಬುದು ಇಲ್ಲಿನ ಶಾಲಾಮಕ್ಕಳಿಗೂ ತಿಳಿದ ಸಂಗತಿ. ಬ್ಲೋವರ್ ನಿಂತರೆ ನೀರಿನಲ್ಲಿ ಕರಗಿದ ಆಮ್ಲಜನಕ ಬೇಗನೆ ತೀರುತ್ತದೆ. ಕೆಲವು ಗಂಟೆಗಳಲ್ಲಿ ತೊಟ್ಟಿ ಕೊಳೆತು ನಾರತೊಡಗುತ್ತದೆ. ಜನರೇಟರ್ ಇದೆಯಲ್ಲ ಎನ್ನಬಹುದು. ಅದರ ತಂತಿ ಅತಿಥಿಗಳ ಕೋಣೆಗೆ ಹೋದಂತೆ ಬ್ಲೋವರಿಗೂ ಹೋಗಿದೆಯೇ ಎಂದು ನೋಡಿದವರು ಯಾರು? ಇನ್ನು ಪ್ರವಾಸಿಗಳ ಲೆಕ್ಕ. ಸೋಮವಾರದಿಂದ ಗುರುವಾರದವರೆಗೆ ಕೋಣೆಗಳು ಖಾಲಿ, ಜೀವಿಗಳಿಗೆ ಉಪವಾಸ. ಶನಿವಾರ ಒಮ್ಮೆಲೇ ಜಾತ್ರೆ. ಒಂದೇ ಬೆಳಿಗ್ಗೆ ನೂರು ಸ್ನಾನದ ನೀರು ನುಗ್ಗಿದಾಗ ತಳದಲ್ಲಿರಬೇಕಾದ ಗರಣೆಯೂ ಜೀವಿಗಳೂ ನೀರಿನೊಡನೆ ಕೊಚ್ಚಿಕೊಂಡು ಹಳ್ಳ ಸೇರುತ್ತವೆ. ಮಾಡಿನ ನೀರು, ಅಂಗಳದ ನೀರು ಚರಂಡಿಯ ಮೂಲಕ ಒಳಹೊಕ್ಕರೆ ಮಳೆಗಾಲದ ಪ್ರತಿದಿನವೂ ಶನಿವಾರವೇ. ಅಡುಗೆಮನೆಯ ಎಣ್ಣೆ, ಶೌಚಾಲಯಕ್ಕೆ ಧಾರಾಳವಾಗಿ ಸುರಿಯುವ ಫಿನಾಯಿಲ್ ಮತ್ತು ಬ್ಲೀಚಿಂಗ್ ಪುಡಿ ಉಳಿದವನ್ನು ಮುಗಿಸುತ್ತವೆ.

ಎಲ್ಲವೂ ಸರಿಯಾಗಿಯೇ ನಡೆಯಿತು ಎಂದಿಟ್ಟುಕೊಳ್ಳೋಣ. ಆಗಲೂ ಹೊರಬರುವ ನೀರು ಎಂಥದು? ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆಯು ಮಹಾನಗರಗಳ ಹೊರಗಿನ ಘಟಕಗಳಿಗೆ ಲೀಟರಿಗೆ 30 ಮಿಲಿಗ್ರಾಂ ಬಿಓಡಿಯನ್ನೂ, 100 ಮಿಲಿಲೀಟರ್ ನೀರಿನಲ್ಲಿ ಸಾವಿರದವರೆಗೆ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳನ್ನೂ ಒಪ್ಪಿಕೊಂಡಿತು. ಇದು ಸಾಲದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಬಿಗಿಯಾದ ಮಾನದಂಡ ಹೇಳಬೇಕಾಯಿತು. ಆದರೆ ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಅದೇ 100 ಮಿಲಿಲೀಟರಿನಲ್ಲಿ ಇಂತಹ ಒಂದು ಬ್ಯಾಕ್ಟೀರಿಯಾವೂ ಇರಕೂಡದು. ಬಯಲುಸೀಮೆಯ ದೊಡ್ಡ ನದಿಯನ್ನು ಮನಸ್ಸಿನಲ್ಲಿಟ್ಟು ಬರೆದ ಮಾನದಂಡವನ್ನು, ಕೆಳಗಿನ ಮನೆಯವರು ಅಬ್ಬಿಯಿಂದ ನೇರವಾಗಿ ಪೈಪು ಎಳೆದು ಕುಡಿಯುವ ಹಳ್ಳಕ್ಕೆ ಅನ್ವಯಿಸುವುದು ಯಾವ ನ್ಯಾಯ? ಕಾನೂನಿಗೆ ತಕ್ಕಂತೆ ಶುದ್ಧೀಕರಿಸಿದ ನೀರಿಗೂ ಅಬ್ಬಿಯನ್ನು ಸೇರುವ ಅರ್ಹತೆಯಿಲ್ಲ. ಅದು ತೋಟಕ್ಕೆ ಹೋಗಬೇಕು, ಮಣ್ಣಿಗೆ ಹೋಗಬೇಕು.

ಕೆಸರಿನ ಮಾತನ್ನಂತೂ ಯಾರೂ ಎತ್ತುವುದಿಲ್ಲ. ಜೀವಿಗಳು ತಿಂದು ಬೆಳೆದಷ್ಟೂ ತೊಟ್ಟಿಯಲ್ಲಿ ಕೆಸರು ಹೆಚ್ಚುತ್ತದೆ. ಅದನ್ನು ಆಗಾಗ ತೆಗೆಯದಿದ್ದರೆ ತಾನಾಗಿಯೇ ಹೊರಬೀಳುತ್ತದೆ. ತೆಗೆದ ಟ್ಯಾಂಕರ್ ಎಲ್ಲಿಗೆ ಹೋಗಬೇಕು? ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಯಲ್ಲಿ 2015ರಲ್ಲಿ ಮಲದ ಕೆಸರನ್ನು ಸಂಸ್ಕರಿಸುವ ಘಟಕವೊಂದು ಆರಂಭವಾಯಿತು. ಗುಡ್ಡದ ತಾಲ್ಲೂಕಿನ ಟ್ಯಾಂಕರ್ ಅಷ್ಟು ದೂರ ಹೋಗಲಾರದು. ಸಮೀಪದಲ್ಲಿ ಅಂತಹ ಜಾಗವಿಲ್ಲದಿದ್ದರೆ ರಾತ್ರಿಯ ಕತ್ತಲೆ ಮತ್ತು ಘಾಟಿಯ ತಿರುವುಗಳೇ ಅದರ ಗತಿ.

ಪೆಟ್ಟಿಗೆಯೇ ಕೆಟ್ಟದ್ದೆಂದು ಇದರ ಅರ್ಥವಲ್ಲ. ಜಪಾನಿನ ಹಳ್ಳಿಗಳಲ್ಲಿ ಮನೆಮನೆಗೂ ಇಂತಹುದೇ ಸಿದ್ಧ ತೊಟ್ಟಿಗಳಿವೆ. ಅವನ್ನು ಜೋಕಾಸೊ ಎನ್ನುತ್ತಾರೆ. ಆದರೆ ಅಲ್ಲಿ 1983ರಲ್ಲಿ ಅದಕ್ಕಾಗಿಯೇ ಒಂದು ಪ್ರತ್ಯೇಕ ಕಾಯ್ದೆ ಬಂದಿತು. ತೊಟ್ಟಿಯ ಮಾಲೀಕ ಕಾಲಕಾಲಕ್ಕೆ ನಿರ್ವಹಣೆ ಮಾಡಿಸಬೇಕು, ಕೆಸರು ತೆಗೆಸಬೇಕು, ವರ್ಷಕ್ಕೊಮ್ಮೆ ನೇಮಿತ ಸಂಸ್ಥೆಯಿಂದ ನೀರಿನ ತಪಾಸಣೆ ಮಾಡಿಸಬೇಕು. ಶೌಚಾಲಯದ ನೀರನ್ನು ಮಾತ್ರ ಸಂಸ್ಕರಿಸಿ ಅಡುಗೆ-ಸ್ನಾನದ ನೀರನ್ನು ಹಾಗೆಯೇ ಬಿಡುವ ಹಳೆಯ ಮಾದರಿಯನ್ನು ಹೊಸದಾಗಿ ಹೂಳುವುದನ್ನು 2001ರಿಂದ ನಿಲ್ಲಿಸಲಾಯಿತು. ಭಾರತಕ್ಕೆ ಬಂದದ್ದು ಪೆಟ್ಟಿಗೆ; ಅದರ ಹಿಂದಿನ ಶಿಸ್ತು ಹಡಗು ಹತ್ತಲಿಲ್ಲ.

ಹಳೆಯ ಪದ್ಧತಿಯೇ ಮೇಲು ಎಂದು ಸಂಭ್ರಮಿಸುವಂತೆಯೂ ಇಲ್ಲ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಬಾವಿಯ ಪಕ್ಕದ ಶೌಚಗುಂಡಿ ಬಾವಿಯೊಡನೆಯೇ ಮಾತನಾಡುತ್ತದೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನಲ್ಲಿನೀರಿನ ಗುರಿ ಇಟ್ಟುಕೊಂಡಿದೆ. ಬಂದ ನೀರೆಲ್ಲ ಬಚ್ಚಲಿನಿಂದ ಹೊರಗೆ ಹರಿಯಲೇಬೇಕಲ್ಲವೆ? ಆದರೆ ಗುಡ್ಡಕ್ಕೆ ದೇವರು ಕೊಟ್ಟ ಇಳಿಜಾರು ಇದೆ. ಕೆಸರು ತಂಗುವ ತೊಟ್ಟಿ, ಗಾಳಿಯಿಲ್ಲದೆ ಕೊಳೆಸುವ ಅಡ್ಡಗೋಡೆಗಳ ತೊಟ್ಟಿ, ಜೊಂಡು ನೆಟ್ಟ ಜಲ್ಲಿಯ ಪಾತಿ, ಕೊನೆಯಲ್ಲಿ ಬಾಳೆಯ ಬುಡ: ಈ ಸಾಲಿನಲ್ಲಿ ನೀರು ತಾನಾಗಿಯೇ ಇಳಿಯುತ್ತದೆ. ಇದಕ್ಕೂ ಕೆಸರು ತೆಗೆಯುವವರು ಬೇಕು, ಆದರೆ ಕರೆಂಟು ಬೇಡ. ಜಾಗ ಹೆಚ್ಚು ಬೇಕೆಂಬ ಆಕ್ಷೇಪ ನಿಜ. ಈಜುಕೊಳಕ್ಕೆ ಜಾಗ ಸಿಕ್ಕ ಎಸ್ಟೇಟಿನಲ್ಲಿ ಜೊಂಡಿನ ಪಾತಿಗೆ ಸಿಗುವುದಿಲ್ಲವೆಂಬುದು ಮಾತ್ರ ನಂಬಲು ಕಷ್ಟ.

ಪೆಟ್ಟಿಗೆಯೇ ಬೇಕೆಂದು ಹಟ ಹಿಡಿಯುವವರಿಗೆ ಷರತ್ತುಗಳಿರಲಿ. 1974ರ ಜಲ ಕಾಯ್ದೆಯ 25ನೆಯ ಕಲಮಿನಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯಿಲ್ಲದೆ ಕೊಳಚೆಯನ್ನು ಹೊರಬಿಡುವಂತಿಲ್ಲ; ಷರತ್ತು ವಿಧಿಸುವ ಅಧಿಕಾರವೂ ಮಂಡಳಿಗಿದೆ. ಬ್ಲೋವರಿಗೆ ಪ್ರತ್ಯೇಕ ವಿದ್ಯುತ್ ಮೀಟರ್ ಇರಲಿ: ಎಷ್ಟು ಯೂನಿಟ್ ಉರಿಯಿತೆಂಬುದು ಯಾವ ದಾಖಲೆ ಪುಸ್ತಕಕ್ಕಿಂತಲೂ ಸತ್ಯ ಹೇಳುತ್ತದೆ. ಕೆಸರು ಹೊತ್ತ ಟ್ಯಾಂಕರಿನ ರಶೀದಿ ಪಂಚಾಯಿತಿಗೆ ಸಲ್ಲಲಿ. ಸಮ್ಮತಿ ಪತ್ರವನ್ನೂ ನೀರಿನ ಪರೀಕ್ಷಾ ವರದಿಗಳನ್ನೂ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮಂಡಳಿಯಿಂದ ಹತ್ತು ರೂಪಾಯಿ ಶುಲ್ಕದ ಅರ್ಜಿಯಲ್ಲಿ ಕೇಳಬಹುದು; ಕಾಲೇಜು ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವಿದು. ವರದಿ ಬಂದಾಗ ಮೊದಲು ನೋಡಬೇಕಾದದ್ದು ನೀರಿನ ಮಾದರಿ ತೆಗೆದ ದಿನಾಂಕ. ಬೇಸಿಗೆಯ ಮಂಗಳವಾರವಾಗಿದ್ದರೆ ಅದನ್ನು ಬದಿಗಿಟ್ಟು, ಆಷಾಢದ ಒಂದು ಭಾನುವಾರ ಬೆಳಿಗ್ಗೆ, ಕೆಳಗಿನ ಅಬ್ಬಿಯಲ್ಲಿ, ಊರವರ ಎದುರಿನಲ್ಲಿ ಮಾದರಿ ತೆಗೆಯಬೇಕೆಂದು ಗ್ರಾಮಸಭೆ ಠರಾವು ಬರೆಯಲಿ.